ಮಲಗಲು ಬಂದವರ ಕೈಗೆ ಅವರೆಕಾಯಿ

ಪಕ್ಕದ ಮನೆಯ ಅಕ್ಕನ ಅಂಗಾಲು ಹರಳೆಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಹಚ್ಚಿದ್ದು ಹಿಂದಿನ ರಾತ್ರಿಯಾದರೂ ಬೆಳಿಗ್ಗೆ ನಮ್ಮ ಕೆಂಪು ಗಾರೆಯ ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಜಿಡ್ಡಿನ ಗುರುತು. ಒರೆಸುವವಳು ನಾನು, ಗೊಣಗುವವಳೂ ನಾನೇ.

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನನ್ನ ಮೊದಲ ಮಗು ಹನ್ನೊಂದನೇ ದಿನಕ್ಕೆ ಹೋಯಿತು. ಅದರ ಹಿಂದೆಯೇ ನನ್ನ ನಿದ್ದೆಯೂ ಹೋಯಿತು. ನಮ್ಮನೆಯವರು ಮಾತ್ರೆ ತರುತ್ತೇನೆ ಎಂದರು. ಅಕ್ಕ ಬಿಡಲಿಲ್ಲ.

"ಮಧ್ಯಾಹ್ನದ ಮೇಲೆ ಕಾಫಿ ಮುಟ್ಟಬೇಡ. ಹಗಲು ಒರಗಬೇಡ. ಆ ಟೈಂಪೀಸನ್ನ ಅಡುಗೆಮನೇಲಿಡು. ಗಂಟೆ ಎಣಿಸ್ಕೊಂಡಿದ್ರೆ ಯಾರಿಗೆ ನಿದ್ದೆ ಬರತ್ತೆ?"

"ಆದ್ರೂ ಬರ್ಲಿಲ್ಲ ಅಂದ್ರೆ, ಅಕ್ಕ?"

"ಎದ್ದು ಕೂತ್ಕೊ. ಒಂದು ಮೊರ ಅಕ್ಕಿ ಆರಿಸು. ಹೊರಳಾಡಿ ಹೊರಳಾಡಿ ಚಾಪೆ ಯಾಕೆ ಸವೆಸ್ತೀಯಾ!"

ದಿನಾ ಸಂಜೆ ಬಂದು ತಾವೇ ನನ್ನ ಕಾಲಿಗೆ ಎಣ್ಣೆ ತಿಕ್ಕಿದರು. ಗಸಗಸೆ ಪಾಯಸ ಕುಡಿಸಿದರು. ಮಗುವಿನ ಮಾತು ಎತ್ತಲಿಲ್ಲ, ಅಳಬೇಡ ಎನ್ನಲೂ ಇಲ್ಲ. ಎರಡು ತಿಂಗಳಿಗೆ ನಾನು ಗೊರಕೆ ಹೊಡೆಯುತ್ತಿದ್ದೆ.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಅಕ್ಕ ನಮ್ಮ ನಡುಮನೆಗೆ ಬಂದು ನಿಂತರು. ಅವರ ಅತ್ತೆ ಆಗ ಹಾಸಿಗೆ ಹಿಡಿದಿದ್ದರು.

"ಒಂದು ಚಾಪೆ ಕೊಡೇ, ಇಲ್ಲೇ ಒಂದು ಗಳಿಗೆ ಮಲಗ್ತೀನಿ."

ನಾನು ನಕ್ಕೆ. "ಚೆನ್ನಾಗಿದೆ! ಹಗಲು ಒರಗಬೇಡ ಅಂತ ನನಗೆ ಬೈದೋರು ಯಾರು? ಬನ್ನಿ, ಅವರೆಕಾಯಿ ಬಿಡಿಸಿ. ನಿದ್ದೆ ಹಾರಿಹೋಗತ್ತೆ."

"ನನ್ನ ಪಾಠ ನನಗೇ ಒಪ್ಪಿಸ್ತೀಯಾ, ಕಳ್ಳಿ" ಎಂದು ಅವರೂ ನಕ್ಕರು. ಮೊರದಲ್ಲಿದ್ದ ಅಷ್ಟನ್ನೂ ಬಿಡಿಸಿದರು. ಸೆರಗು ಕೊಡವಿಕೊಂಡು ಹೋದರು.

ಸಂಕ್ರಾಂತಿ ಕಳೆದು ವಾರವಾಗಿತ್ತು, ಬಚ್ಚಲಲ್ಲಿ ಕುಸಿದ ಅಕ್ಕ ಮತ್ತೆ ಏಳಲಿಲ್ಲ. ಎದೆ ನಿಂತಿತು ಎಂದರು ಡಾಕ್ಟರು. ಸಾವಿಗೆ ಬಂದಿದ್ದ ಅವರ ನಾದಿನಿ ನನಗೆ ಹೇಳಿದಳು: "ನಮ್ಮಮ್ಮ ರಾತ್ರಿಯೆಲ್ಲ ಅತ್ತಿಗೇನ ಕೂಗ್ತಾನೇ ಇರ್ತಿದ್ರು. ಎರಡು ತಿಂಗಳಿಂದ ಅತ್ತಿಗೆ ಕಣ್ಣು ಮುಚ್ಚಿಲ್ಲ. ನಿಮಗೆ ಕೇಳಿಸ್ಲಿಲ್ವಾ?"

ಎರಡು ಮನೆಯ ನಡುವೆ ಇದ್ದದ್ದು ಒಂದು ಬೇಲಿ. ಆದರೂ ನನಗೆ ಕೇಳಿಸಿರಲಿಲ್ಲ. ಅಕ್ಕ ಕೊಟ್ಟ ನಿದ್ದೆ ಅಷ್ಟು ಗಟ್ಟಿಯಾಗಿತ್ತು.

ಚಾಪೆ ಕೊಟ್ಟಿದ್ದರೆ ಅವರು ಬದುಕುತ್ತಿದ್ದರು ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಆ ಮಧ್ಯಾಹ್ನ ಮಲಗುತ್ತಿದ್ದರು. ಅವರು ತಾವಾಗಿ ಏಳುವವರೆಗೆ ನಾನು ಹೋಗಿ ಆ ಮುದುಕಿಯ ಪಕ್ಕ ಕೂರಬಹುದಿತ್ತು.