ಎಕ್ಸ್‌ಚೇಂಜ್ ಅಕ್ಕ ಕೇಳಿಸಿಕೊಂಡ ಬೆಳಗು

ಆ ಬೀದಿಯಲ್ಲಿ ಯಾರದಾದರೂ ಲ್ಯಾಪ್‌ಟಾಪ್ ಕೆಟ್ಟರೆ ದರ್ಜಿಯ ಅಂಗಡಿಗೆ ಹೋಗುತ್ತಿದ್ದರು. ಹೊಸಬರಿಗೆ ಇದು ತಮಾಷೆ ಎನಿಸುತ್ತಿತ್ತು. ಒಳಗೆ ಕಾಲಿಟ್ಟ ಮೇಲೆ ತಿಳಿಯುತ್ತಿತ್ತು: ಅಂಗಡಿಯ ಎಡಭಾಗ ದರ್ಜಿಯದು, ಬಲಭಾಗ ಅವನ ಹೆಂಡತಿಯದು. ಅವನ ಕಡೆ ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಗೋಡೆಗೆ ತೂಗುಹಾಕಿದ ಇನ್ನೂ ತೋಳು ಬರದ ಕೋಟುಗಳು. ಅವಳ ಕಡೆ ರಬ್ಬರ್ ಹಾಸಿದ ಮೇಜು, ದೀಪ ಕೂಡಿಸಿದ ಭೂತಗನ್ನಡಿ, ಅಳತೆ ಪ್ರಕಾರ ಸ್ಕ್ರೂ ತುಂಬಿಟ್ಟ ಹಳೆಯ ಗುಂಡಿ ಡಬ್ಬಿಗಳು. ನಡುವೆ ಗೆರೆ ಎಳೆದಿರಲಿಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ನೂಲಿನೆಳೆ, ಹೊಲಿಸಿಕೊಂಡ ಪ್ಯಾಂಟಿನ ಜೇಬಿನಲ್ಲಿ ಸ್ಕ್ರೂ ಸಿಕ್ಕಿದ್ದೂ ಉಂಟು.

ಅವಳನ್ನು ಎಲ್ಲರೂ ಎಕ್ಸ್‌ಚೇಂಜ್ ಅಕ್ಕ ಎನ್ನುತ್ತಿದ್ದರು. ಇಪ್ಪತ್ತನೆಯ ವಯಸ್ಸಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ, ಹದಿನೆಂಟು ವರ್ಷ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ಅವಳು. ಎಕ್ಸ್‌ಚೇಂಜಿಗೆ ಬೀಗ ಬಿದ್ದ ದಿನ ಜೊತೆಯವರೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋದರೆ, ಇವಳು ಮರುವಾರವೇ ಕಂಪ್ಯೂಟರ್ ರಿಪೇರಿ ತರಗತಿಗೆ ಸೇರಿದಳು.

"ಈ ವಯಸ್ಸಿನಲ್ಲಿ ಅದ್ಯಾಕೆ? ಗುಂಡಿ ಹೊಲಿಯೋದು ಕಲಿ, ಇಲ್ಲೇ ಕೂತ್ಕೋ" ಎಂದಿದ್ದ ಗಂಡ.

"ನಿಮ್ಮ ಸೂಜಿ ಮಾತಾಡಲ್ಲ ಕಣ್ರೀ. ನನಗೆ ಮಾತಾಡೋ ವಸ್ತು ಬೇಕು" ಎಂದಿದ್ದಳು.

ಅವಳ ಮಟ್ಟಿಗೆ ಯಂತ್ರಗಳು ಮಾತಾಡುತ್ತಿದ್ದುದು ನಿಜ. ಫ್ಯಾನ್ ಸವೆದಿದೆಯೋ ಧೂಳು ಹಿಡಿದಿದೆಯೋ ಎನ್ನುವುದನ್ನು ಮುಚ್ಚಳ ಬಿಚ್ಚುವ ಮೊದಲೇ ಕಿವಿಯಿಂದಲೇ ಹೇಳುತ್ತಿದ್ದಳು. ಇರುವೆ ಸೀನಿದರೂ ನನ್ನ ಹೆಂಡತಿಗೆ ಕೇಳಿಸುತ್ತದೆ, ನಾನು ಕರೆದದ್ದು ಮಾತ್ರ ಕೇಳಿಸುವುದಿಲ್ಲ ಎಂದು ದರ್ಜಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಒಂದು ದಿನ ಬೆಳಿಗ್ಗೆ, ಅಂಗಡಿ ಬಾಗಿಲು ತೆಗೆದು ಕಸ ಗುಡಿಸುತ್ತಿರುವಾಗಲೇ ಪೋಸ್ಟಣ್ಣ ಬಂದ. ಮೂವತ್ತು ವರ್ಷ ಅದೇ ಬೀದಿಗೆ ಕಾಗದ ಹಂಚಿ ನಿವೃತ್ತನಾದ ಮನುಷ್ಯ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸನ್ನು ತಂದ ಹಾಗೆ ಎದೆಗವಚಿಕೊಂಡಿದ್ದ.

"ತಂಗೀ, ನನ್ನ ಕೈಯಾರೆ ನಾನೇ ಕೊಂದ್ಬಿಟ್ಟೆ ಅನ್ಸುತ್ತೆ" ಎಂದ. ಅಂಗಡಿಯೇ ಅದುರುವಷ್ಟು ಗಟ್ಟಿ ದನಿ.

ನಡೆದದ್ದು ಇಷ್ಟು. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಎರಡು ಜಿಬಿಯ ಎರಡು ರ‍್ಯಾಮ್ ಪಟ್ಟಿಗಳಿದ್ದವು. ದೊಡ್ಡ ಫೈಲು ತೆರೆದರೆ ಯಂತ್ರ ಕಂಬದ ಹಾಗೆ ನಿಂತುಬಿಡುತ್ತಿತ್ತು. ಮಾರುಕಟ್ಟೆಗೆ ಹೋಗಿ ಎಂಟು ಜಿಬಿಯ ಎರಡು ಹೊಸ ಪಟ್ಟಿ ತಂದ. ವಿಡಿಯೋ ನೋಡಿಕೊಂಡು ತಾನೇ ಕೂರಿಸಿದ. ಅಲ್ಲಿಂದ ಪರದೆ ಕಪ್ಪು.

"ಬೀಪ್ ಏನಾದ್ರೂ ಬರುತ್ತಾ?"

"ಏನೂ ಇಲ್ಲಮ್ಮ. ಸತ್ತ ಹೆಣದ ಹಾಗೆ ಸುಮ್ನೆ ಇರುತ್ತೆ."

ಅವಳು ಗುಂಡಿ ಒತ್ತಿದಳು. ಬೀಪ್, ಬೀಪ್, ಬೀಪ್. ಮೂರು ಸಣ್ಣ ಸದ್ದು, ಸ್ಪಷ್ಟವಾಗಿ. ಆ ಬದಿಯಲ್ಲಿ ದಾರ ಪೋಣಿಸುತ್ತಿದ್ದ ದರ್ಜಿ ಕೂಡ ತಲೆಯೆತ್ತಿದ. ಪೋಸ್ಟಣ್ಣ ಮಾತ್ರ, "ನೋಡಿದ್ಯಾ, ಉಸಿರೇ ಇಲ್ಲ" ಎಂದ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲು ಹಳೆಯ ಪಟ್ಟಿಗಳನ್ನೇ ವಾಪಸ್ ಕೂರಿಸಿದಳು. ಯಂತ್ರ ಎದ್ದಿತು. ಪೋಸ್ಟಣ್ಣನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಹೊಸದರಲ್ಲಿ ಒಂದನ್ನು ಮಾತ್ರ ಹಾಕಿದಳು: ಬೀಪ್. ಪಕ್ಕದ ಸ್ಲಾಟಿಗೆ ಬದಲಿಸಿದಳು: ಬೀಪ್. ಎರಡನೆಯದನ್ನು ಹಾಕಿದಳು: ಮತ್ತೆ ಅದೇ. ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಿದರೂ ಫಲವಿಲ್ಲ. ಅವೇ ಪಟ್ಟಿಗಳನ್ನು ತನ್ನ ಮೇಜಿನ ಮೇಲಿದ್ದ ಇತ್ತೀಚಿನ ಲ್ಯಾಪ್‌ಟಾಪಿಗೆ ಹಾಕಿದರೆ ಎರಡೂ ಹಾಲು ಕುಡಿದಷ್ಟು ಸಲೀಸಾಗಿ ಓಡಿದವು.

"ಗಂಡೂ ಒಳ್ಳೆಯವನು, ಹೆಣ್ಣೂ ಒಳ್ಳೆಯವಳು. ಸಂಸಾರ ಮಾತ್ರ ಆಗಲ್ಲ ಅಂತ" ಎಂದು ದರ್ಜಿ ತೀರ್ಪು ಕೊಟ್ಟ.

"ನೀವು ಸುಮ್ನೆ ಹೊಲೀರಿ" ಎಂದಳು ಅವಳು. ಆದರೆ ಮಾತು ಸರಿಯಾಗಿಯೇ ಇತ್ತು.

ಈ ಕಸುಬಿಗೆ ಬಂದು ಹದಿನಾಲ್ಕು ವರ್ಷವಾದರೂ ಅವಳಿಗೆ ಒಂದು ಸಂಗತಿಯ ಬೆರಗು ಹೋಗಿರಲಿಲ್ಲ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಎಳ್ಳುಕಾಳಿನಂಥ ಒಂದು ಚಿಪ್ ಇರುತ್ತದೆ. ಯಂತ್ರ ಕಣ್ಣು ಬಿಡುವ ಮೊದಲು, ಪರದೆ ಬೆಳಗುವ ಮೊದಲು, ಬೋರ್ಡು ಅದನ್ನು ಮಾತಾಡಿಸುತ್ತದೆ: ನೀನು ಯಾರು, ನಿನ್ನೊಳಗೆ ಎಷ್ಟು ಮನೆಗಳಿವೆ, ಎಷ್ಟು ಬೇಗ ಉತ್ತರ ಕೊಡಬಲ್ಲೆ? ರೆಪ್ಪೆ ಮಿಟುಕಿಸುವಷ್ಟರಲ್ಲಿ ಪ್ರಶ್ನೆಯೂ ಉತ್ತರವೂ ಮುಗಿದಿರುತ್ತದೆ. ಜಗತ್ತಿನ ಕೋಟಿ ಕೋಟಿ ಯಂತ್ರಗಳಲ್ಲಿ ಪ್ರತಿ ಬೆಳಿಗ್ಗೆ ಈ ಪರಿಚಯ ನಡೆಯುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಇಲ್ಲಿ ಆ ಪರಿಚಯವೇ ಎಲ್ಲೋ ಮುರಿದುಬೀಳುತ್ತಿತ್ತು.

ಭೂತಗನ್ನಡಿಯ ಕೆಳಗೆ ಹಿಡಿದು ಎಣಿಸಿದಳು. ಹೊಸ ಪಟ್ಟಿಯ ಮೇಲಿದ್ದುದು ಎಂಟೇ ಕಪ್ಪು ಚಿಪ್‌ಗಳು. ಕಾರಣ ಸಿಕ್ಕಿತು. ಅದನ್ನು ಪೋಸ್ಟಣ್ಣನಿಗೆ ತಿಳಿಯುವ ಹಾಗೆ, ಅವನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು.

"ನಿಮಗೆ ಮನೆ ನಂಬರ್ ನಾಲ್ಕಂಕಿವರೆಗೆ ಮಾತ್ರ ಓದೋಕೆ ಬರುತ್ತೆ ಅಂದ್ಕೊಳ್ಳಿ. ಊರನ್ನ ಹದಿನಾರು ಬೀದಿಯಾಗಿ ಹಂಚಿದ್ರೆ ಎಲ್ಲಾ ಮನೆಗೂ ಕಾಗದ ಮುಟ್ಟಿಸ್ತೀರ. ಅಷ್ಟೂ ಮನೆನ ಎಂಟೇ ಬೀದೀಲಿ ಒತ್ತೊತ್ತಾಗಿ ಕಟ್ಟಿ, ಐದಂಕಿ ನಂಬರ್ ಕೊಟ್ರೆ?"

"ವಿಳಾಸದಾರರು ಸಿಗಲಿಲ್ಲ ಅಂತ ಬರೆದು ವಾಪಸ್ ಕಳಿಸ್ತೀನಿ."

"ಅದನ್ನೇ ನಿಮ್ಮ ಯಂತ್ರ ಮಾಡ್ತಿರೋದು. ಅದು ಹಳೆ ಕಾಲದ್ದು. ಇವು ಒತ್ತೊತ್ತಾಗಿ ಕಟ್ಟಿದ ಹೊಸ ಬಡಾವಣೆ. ಊರಿನ ಅಳತೆ ಒಂದೇ, ಸ್ಲಾಟಿಗೂ ಸರಿಯಾಗಿ ಕೂರುತ್ತೆ, ಆದರೆ ಇದಕ್ಕೆ ಓದೋಕೆ ಬರಲ್ಲ."

ಗುಜರಿ ಲ್ಯಾಪ್‌ಟಾಪುಗಳ ಪೆಟ್ಟಿಗೆಯನ್ನು ಕೆದಕಿದಳು. ಅರ್ಧ ಗಂಟೆ ಹುಡುಕಿದ ಮೇಲೆ, ಪರದೆ ಒಡೆದುಹೋಗಿದ್ದ ಒಂದರ ಹೊಟ್ಟೆಯಲ್ಲಿ ಎಂಟು ಜಿಬಿಯ ಹಳೆಯ ಪಟ್ಟಿ ಸಿಕ್ಕಿತು. ಎರಡೂ ಬದಿಗೆ ಎಂಟೆಂಟು, ಒಟ್ಟು ಹದಿನಾರು ಚಿಪ್. ಕೂರಿಸಿ ಗುಂಡಿ ಒತ್ತಿದಳು. ಬೀಪ್ ಇಲ್ಲ. ಪರದೆ ಬೆಳಗಿತು. ಇನ್ನೊಂದು ಸ್ಲಾಟಿಗೆ ಹಳೆಯ ಎರಡು ಜಿಬಿಯನ್ನೂ ಸೇರಿಸಿ, ಒಟ್ಟು ಹತ್ತು ಎಂದು ತೋರಿಸಿದಳು. ಪೋಸ್ಟಣ್ಣ ಎದ್ದು ಹೊರಡಲು ಟವೆಲ್ ಕೊಡವಿದ.

"ಕೂತ್ಕೊಳ್ಳಿ. ಎದ್ದು ನಿಂತದ್ದು ನಡೆಯುತ್ತೆ ಅಂತ ಏನು ಗ್ಯಾರಂಟಿ?" ಎಂದು ಮೆಮೊರಿ ಪರೀಕ್ಷೆಗೆ ಹಚ್ಚಿದಳು. ನಲವತ್ತು ನಿಮಿಷ ಎಲ್ಲ ಸರಿಯಿತ್ತು. ನಂತರ ಪರದೆಯ ಮೇಲೆ ಒಂದೊಂದಾಗಿ ಕೆಂಪು ಸಾಲುಗಳು. ಒಂದೊಂದನ್ನೇ ಪರೀಕ್ಷಿಸಿದಾಗ ಎರಡೂ ನಿರ್ದೋಷಿಗಳು. ಜೊತೆಗೆ ಹೂಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಸಣ್ಣದನ್ನು ಕಿತ್ತುಹಾಕಿ ದೊಡ್ಡದೊಂದನ್ನೇ ಉಳಿಸಿದಳು.

ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಪರೀಕ್ಷೆ ನಡೆಯುವಾಗ ಪೋಸ್ಟಣ್ಣ ಬೆಂಚಿನ ಮೇಲೆ ಕೂತು, ಆ ಫೈಲು ಏನೆಂದು ತಾನಾಗಿಯೇ ಹೇಳಿದ್ದ. ಹದಿಮೂರು ವರ್ಷದ ಹಿಂದೆ, ಅಂಚೆ ಕಚೇರಿ ಹಿಂದಿನ ಬಯಲಿನಲ್ಲಿ ಒಂದು ರೆಕಾರ್ಡರ್ ಇಟ್ಟು, ನಸುಕಿನಿಂದ ಹಕ್ಕಿಗಳ ಕೂಗನ್ನು ಮೂರು ಗಂಟೆ ಕಾಲ ಹಿಡಿದಿಟ್ಟಿದ್ದ. ಅಂಥ ಎಷ್ಟೋ ಬೆಳಗುಗಳಿದ್ದವು. ಅದು ಎಲ್ಲಕ್ಕಿಂತ ಉದ್ದನೆಯದು.

"ಈಗ ಕಿವಿ ಕೈಕೊಟ್ಟಿದೆ ತಂಗಿ. ದಪ್ಪ ಸದ್ದು ಕೇಳುತ್ತೆ, ಸಣ್ಣದು ಕೇಳಲ್ಲ. ಅದಕ್ಕೇ ಕಣ್ಣಲ್ಲಿ ನೋಡ್ತೀನಿ. ಸದ್ದನ್ನ ಚಿತ್ರ ಮಾಡಿ ತೋರಿಸೋ ಸಾಫ್ಟ್‌ವೇರ್ ಇದೆ. ದಪ್ಪ ಸದ್ದಿಗೆ ಕೆಳಗೆ, ಸಣ್ಣದಕ್ಕೆ ಮೇಲೆ ಗೆರೆ ಎಳೆಯುತ್ತೆ. ಆದರೆ ಇಡೀ ಬೆಳಗನ್ನ ಒಟ್ಟಿಗೆ ಒಂದ್ಸಲವೂ ನೋಡಿಲ್ಲ. ಐದೈದು ನಿಮಿಷ ತುಂಡು ಮಾಡಿ ನೋಡ್ತಿದ್ದೆ."

ಫೈಲು ತೆರೆಯಲು ಹೇಳಿದಳು. ಯಂತ್ರ ತುಸು ಹೊತ್ತು ಯೋಚಿಸಿತು. ಆಮೇಲೆ ಪರದೆಯ ಎಡದಿಂದ ಬಲಕ್ಕೆ ಮೂರು ಗಂಟೆಯ ಆ ಬೆಳಗು ಬಿಚ್ಚಿಕೊಂಡಿತು.

ಎಡಗಡೆ ಬರೀ ಕತ್ತಲೆಯ ಬಣ್ಣ. ತಳದಲ್ಲಿ ಒಂದೇ ಒಂದು ಮಸುಕು ಗೆರೆ. ಅದರ ಮೇಲೆ ಇನ್ನೊಂದು. ಬಲಕ್ಕೆ ಹೋದಂತೆ ಗೆರೆಗಳು ಹೆಚ್ಚಿ, ಅಡಿಯಲ್ಲಿ ಗೂಗೆಯ ದಪ್ಪ ಚುಕ್ಕೆಗಳು, ಅದರ ಮೇಲೆ ಪಾರಿವಾಳದ ಅಲೆ, ಅದರ ಮೇಲೆ ಬಾಗಿದ ಕುಡುಗೋಲಿನಂಥ ಗೀರುಗಳು, ಇನ್ನೂ ಮೇಲೆ ಮಳೆಹನಿಯಂಥವು. ಪ್ರತಿ ಹಕ್ಕಿಗೂ ತನ್ನದೇ ಎತ್ತರ. ಒಂದರ ಜಾಗದಲ್ಲಿ ಇನ್ನೊಂದು ಕಾಲಿಟ್ಟಿರಲಿಲ್ಲ.

ಎಕ್ಸ್‌ಚೇಂಜ್ ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದಳು. ತರಬೇತಿಯ ದಿನಗಳಲ್ಲಿ ಅವಳಿಗೆ ಕಲಿಸಿದ್ದರು: ಊರಿಂದೂರಿಗೆ ಹೋಗುವ ಒಂದೇ ಜೋಡಿ ತಂತಿಯಲ್ಲಿ ಹನ್ನೆರಡು ಮಾತುಕತೆಗಳನ್ನು ಒಟ್ಟಿಗೆ ಕಳಿಸಬಹುದು, ಪ್ರತಿ ಮಾತನ್ನೂ ಬೇರೆ ಬೇರೆ ಎತ್ತರಕ್ಕೆ ಏರಿಸಿದರೆ ಸಾಕು, ಒಂದಕ್ಕೊಂದು ತಾಗುವುದಿಲ್ಲ ಎಂದು. ಮನುಷ್ಯನ ಬುದ್ಧಿಯೇ ಬುದ್ಧಿ ಎಂದು ಆಗ ಬೆರಗಾಗಿದ್ದಳು. ಈ ಬಯಲಿನ ಹಕ್ಕಿಗಳು ಅದನ್ನು ಯಾರಿಂದ ಕಲಿತವು? ತಂತಿಯಿಲ್ಲದೆ, ಎಂಜಿನಿಯರ್ ಇಲ್ಲದೆ, ಇಡೀ ಬೆಳಗನ್ನು ಹಂಚಿಕೊಂಡುಬಿಟ್ಟಿದ್ದವಲ್ಲ!

"ಇದೇನು?" ಎಂದು ಪೋಸ್ಟಣ್ಣ ಪರದೆಯ ತುತ್ತತುದಿಗೆ ಬೆರಳಿಟ್ಟ. ಅಲ್ಲಿ ಕೂದಲೆಳೆಯಂಥ ಚಿಕ್ಕ ಗೀಟುಗಳ ಸಾಲು. "ತುಂಡು ತುಂಡಾಗಿ ನೋಡುವಾಗ ರೆಕಾರ್ಡರಿನ ಗೊರಗೊರ ಅಂದ್ಕೊಂಡಿದ್ದೆ. ಒಟ್ಟಿಗೆ ನೋಡಿದ್ರೆ ಸೂರ್ಯ ಹುಟ್ಟಿದ ಮೇಲೆ ಶುರುವಾಗಿದೆ. ಯಂತ್ರಕ್ಕೇನು ಗೊತ್ತಮ್ಮ ಸೂರ್ಯ ಹುಟ್ಟಿದ್ದು?"

ಅವಳು ಹೆಡ್‌ಫೋನ್ ಹಾಕಿಕೊಂಡಳು. ದರ್ಜಿ ಯಂತ್ರದ ಪೆಡಲಿನಿಂದ ಕಾಲು ತೆಗೆದ. ಅವಳು ಕಣ್ಣು ಮುಚ್ಚಿದಳು. ಗೂಗೆ, ಪಾರಿವಾಳ, ಉಳಿದ ಗದ್ದಲವನ್ನೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಎಲ್ಲದರ ಮೇಲೆ, ಸೂಜಿಯ ಮೊನೆಯಷ್ಟು ತೆಳ್ಳಗೆ, ತ್ಸೀ ತ್ಸೀ ತ್ಸೀ, ಸ್ವಲ್ಪ ತಡೆದು ಮತ್ತೆ ತ್ಸೀ.

"ಜೀವ ಇದೆ ಇದರಲ್ಲಿ" ಎಂದಳು. "ಹಕ್ಕಿ."

ಪೋಸ್ಟಣ್ಣ ಬೆಂಚನ್ನು ಹತ್ತಿರಕ್ಕೆ ಎಳೆದುಕೊಂಡ. ಅವಳು ಆ ಸಾಲನ್ನು ಮಾತ್ರ ಬೇರೆ ಮಾಡಿ, ಆ ಸಣ್ಣ ದನಿ ದಪ್ಪವಾಗುವ ಹಾಗೆ ಎರಡು ಮೆಟ್ಟಿಲು ಕೆಳಗಿಳಿಸಿ, ಹೆಡ್‌ಫೋನನ್ನು ಅವನ ಕಿವಿಗಿಟ್ಟಳು. ಮೊದಲ ಸಲ ಏನೂ ಆಗಲಿಲ್ಲ. ಇನ್ನೊಂದು ಮೆಟ್ಟಿಲು ಇಳಿಸಿದಳು. ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಆ ಕೈಯ ಒಂದು ಬೆರಳು ಮೂರು ಸಲ ಕುಣಿಯಿತು, ತಡೆಯಿತು, ಮತ್ತೊಂದು ಸಲ ಕುಣಿಯಿತು. ಹದಿಮೂರು ವರ್ಷ ಅವನ ಯಂತ್ರದೊಳಗೇ ಕೂತಿದ್ದ ಹಕ್ಕಿಯನ್ನು ಆ ಮನುಷ್ಯ ಅಂದು ಮೊದಲ ಬಾರಿಗೆ ಕೇಳಿದ. ಕನ್ನಡಕ ತೆಗೆದು ಟವೆಲಿನಿಂದ ಮುಖ ಒರೆಸಿಕೊಂಡ. ದರ್ಜಿ ಮೂವರಿಗೂ ಚಹಾ ತರಲು ಎದ್ದು ಹೋದ.

ಹೊಸ ಪಟ್ಟಿಗಳನ್ನು ಅವಳು ಅಂಗಡಿಯಲ್ಲೇ ಇಟ್ಟುಕೊಂಡಳು. ಬದಲಿಗೆ ಹದಿನಾರು ಚಿಪ್‌ಗಳ ಪಟ್ಟಿ ಅವನದಾಯಿತು. ಆದರೆ ಆ ಸೂಜಿದನಿ ಅವಳ ತಲೆಯಿಂದ ಹೋಗಲಿಲ್ಲ. ಎರಡು ಭಾನುವಾರ ಕಳೆದ ಮೇಲೆ, ಪೋಸ್ಟಣ್ಣನ ಜೊತೆ ಆ ಬಯಲಿಗೆ ತಾನೇ ಹೊರಟಳು. ಆಕಳಿಸುತ್ತ ದರ್ಜಿಯೂ ಹಿಂಬಾಲಿಸಿದ.

ಬಿಸಿಲು ಅಂಚೆ ಕಚೇರಿಯ ಹಿಂಗೋಡೆಗೆ ಬಿದ್ದ ಮೇಲೆ ಅವಳು ಕೈಯೆತ್ತಿ ಇಬ್ಬರನ್ನೂ ನಿಲ್ಲಿಸಿದಳು. ತಲೆಯನ್ನು ಅತ್ತ ಇತ್ತ ತಿರುಗಿಸಿ, ಒಂದು ಮರದ ನಡುವಿನ ಕೊಂಬೆಯ ಕಡೆ ಬೆರಳು ತೋರಿಸಿದಳು. ಪೋಸ್ಟಣ್ಣ ದುರ್ಬೀನು ಹಿಡಿದು ಬಹಳ ಹೊತ್ತು ಹುಡುಕಿದ. ಕೊನೆಗೆ ಸಿಕ್ಕಿತು: ಹೆಬ್ಬೆರಳಿನಷ್ಟು ಬೂದು ಹಕ್ಕಿ, ಕೂಗಿದಾಗಲೆಲ್ಲ ಮೈಯೆಲ್ಲ ನಡುಗುತ್ತಿತ್ತು.

"ಅಯ್ಯೋ ತಂಗೀ," ಎಂದ ಅವನು, ಎಂದೂ ಇಲ್ಲದ ಪಿಸುದನಿಯಲ್ಲಿ, "ಮೂವತ್ತು ವರ್ಷ ಸೈಕಲ್ ನಿಲ್ಲಿಸ್ತಿದ್ದದ್ದು ಇದೇ ಮರದ ಕೆಳಗೆ."