ತಾತ ಬಿಟ್ಟು ಹೇಳುತ್ತಿದ್ದ ವರ್ಷ

ಮೊನ್ನೆ ಕಮಲಾಪುರದಲ್ಲಿ ಗೆಳತಿಯ ಮನೆಗೆ ಹೋದಾಗ, ಮೊಮ್ಮಗುವಿನ ನಾಮಕರಣಕ್ಕೆಂದು ಅಟ್ಟದಿಂದ ಇಳಿಸಿದ ಹಳೆಯ ತೊಟ್ಟಿಲಿಗೆ ಹರಳೆಣ್ಣೆ ಒರೆಸುತ್ತಿದ್ದರು. ಮರ, ಎಣ್ಣೆ, ಬಿಸಿಲು ಮೂರೂ ಸೇರಿದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ತಾತ ಕಾಲು ಚಾಚಿ ಕೂತು ಚದುರಂಗದ ಕಾಯಿಗಳನ್ನು ಒಂದೊಂದಾಗಿ ಎಣ್ಣೆಬಟ್ಟೆಯಲ್ಲಿ ಉಜ್ಜುತ್ತಿದ್ದ. ಕುದುರೆಯ ಕಿವಿಸಂದಿಯ ಧೂಳು ತೆಗೆಯಲು ಅವನಿಗೆ ಊದಿನಕಡ್ಡಿಯೇ ಆಗಬೇಕು. ಗೆಳತಿ ಏನೋ ಕೇಳಿದಳು, ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ತಾತ ಕಾಲುವೆ ಆಫೀಸಿನಿಂದ ನಿವೃತ್ತನಾದವನು. ಏಕಾದಶಿಯ ಉಪವಾಸ ತಪ್ಪಿಸಿದರೂ ತಪ್ಪಿಸಿಯಾನು, ಮಧ್ಯಾಹ್ನದ ಆಟ ತಪ್ಪಿಸುವ ಆಸಾಮಿಯಲ್ಲ. ಊಟವಾಗಿ, ಎಲೆ ಎತ್ತಿ, ಗೋಮಯ ಒರೆಸಿದ ನೆಲ ಆರುವಷ್ಟರಲ್ಲಿ ಬಟ್ಟೆಯ ಹಾಸು ಬಿಚ್ಚಿರುತ್ತಿತ್ತು. ಎದುರಿಗೆ ಕೂರುತ್ತಿದ್ದವಳು ಅವನ ಕಿರಿಯ ಮಗಳು, ನನ್ನ ಸರಸತ್ತೆ. ಆಡುತ್ತಲೇ ತಾತ ರಾಷ್ಟ್ರೀಯ ಚದುರಂಗ ಚಾಂಪಿಯನ್‌ಷಿಪ್ಪಿನ ಚರಿತ್ರೆ ಹೇಳುತ್ತಿದ್ದ. ಯಾವ ವರ್ಷ ಯಾವ ಊರಿನಲ್ಲಿ ನಡೆಯಿತು, ಯಾರು ಗೆದ್ದರು, ಯಾರು ಕೈಗೆ ಬಂದದ್ದನ್ನು ಬಾಯಿಗಿಲ್ಲದಂತೆ ಮಾಡಿಕೊಂಡರು, ದೇಶಿ ಆಟದಲ್ಲಿ ಪಳಗಿದ ಹಿರಿಯರು ಹೊಸ ಅಂತರರಾಷ್ಟ್ರೀಯ ನಿಯಮಕ್ಕೆ ಒಗ್ಗಲು ಪಟ್ಟ ಪಾಡೇನು, ಎಲ್ಲ. ಬೇರೆ ಮನೆಯ ಮಕ್ಕಳು ದಶಾವತಾರ ಒಪ್ಪಿಸಿದ ಹಾಗೆ ನಾನು ಚಾಂಪಿಯನ್ನರ ಹೆಸರು ಒಪ್ಪಿಸುತ್ತಿದ್ದೆ. ಹೆಂಗಸರಿಗೂ ಬೇರೆ ಪಂದ್ಯ ಶುರುವಾದ ವರ್ಷಕ್ಕೆ ಬಂದಾಗ ತಾತ ತಲೆ ಎತ್ತಿ ಅತ್ತೆಯನ್ನು ನೋಡುತ್ತಿದ್ದ. ಅತ್ತೆಗಿದ್ದದ್ದು ಒಂದೇ ಆಸೆ. ಒಂದು ಸಲವಾದರೂ ನ್ಯಾಷನಲ್ ಆಡಬೇಕು. ಗೆಲ್ಲದಿದ್ದರೂ ಸರಿ, ಆ ಹಾಲಿನಲ್ಲಿ ಕೂತು ಬರಬೇಕು.

ಹೊಸ ನಿಯಮಗಳನ್ನೆಲ್ಲ ತಾತನೇ ಕಲಿಸಿದ್ದ. ಆದರೂ ಮನೆಯ ಆಟದಲ್ಲಿ ಹಳೆಯ ಕಟ್ಟಳೆಯೊಂದನ್ನು ಬಿಟ್ಟಿರಲಿಲ್ಲ. ಎದುರಾಳಿಯ ಎಲ್ಲ ಕಾಯಿಗಳೂ ಹೋಗಿ ರಾಜನೊಬ್ಬನೇ ಉಳಿದರೆ ನಮ್ಮಲ್ಲಿ ಅದು ಗೆಲುವಲ್ಲ, ಆಟ ಸರಿಸಮ. ಆದ್ದರಿಂದ ಕೊನೆಯ ಒಂದು ಕಾಯಿಯನ್ನು ಹೊಡೆಯದೆ ಉಳಿಸಿ, ಅದರ ಎದುರೇ ರಾಜನನ್ನು ಕಟ್ಟಿಹಾಕಬೇಕು. ನಾನು ಆಸೆಬುರುಕಿಯಂತೆ ಕೈ ಹಾಕಿದರೆ ತಾತ ರೇಗುತ್ತಿದ್ದ: "ಅದೊಂದು ಬಿಡು ಲೇ! ರಾಜಗ ಜೊತಿಗೆ ಒಬ್ಬರರ ಬ್ಯಾಡೇನು?" ಅತ್ತೆಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಎಷ್ಟೋ ವರ್ಷಗಳ ಮಧ್ಯಾಹ್ನಗಳಲ್ಲಿ ಅದು ಅವಳ ಕೈಗೆ ಕೂತುಬಿಟ್ಟಿತ್ತು.

ಒಂದು ಬೇಸಿಗೆಯಲ್ಲಿ ನ್ಯಾಷನಲ್‌ಗೆ ಆಯ್ಕೆ ಮಾಡುವ ಪಂದ್ಯಗಳು ನಮ್ಮೂರಿನ ಕಲ್ಯಾಣಮಂಟಪದಲ್ಲೇ ನಡೆದವು. ಕೊನೆಯ ಆಟ ಗೆದ್ದರೆ ಅತ್ತೆಗೆ ಜಾಗ ಖಾತ್ರಿ. ಗೆದ್ದೇಬಿಟ್ಟಳು ಎಂದುಕೊಂಡಿದ್ದೆವು. ಎದುರಿನ ಹುಡುಗಿಗೆ ಉಳಿದದ್ದು ರಾಜ ಮತ್ತು ಒಂದು ಪದಾತಿ. ಅತ್ತೆಗೆ ರಾಜನ ಜೊತೆ ಉಳಿದಿದ್ದ ಒಂದೇ ಆನೆ ಆ ಪದಾತಿಯ ನೇರಕ್ಕೇ ನಿಂತಿತ್ತು; ಇಲ್ಲಿಯ ನಿಯಮದಲ್ಲಿ ಅದನ್ನು ಹೊಡೆದರೆ ಗೆಲುವೇ. ಅತ್ತೆ ಕೈ ಚಾಚಿದಳು. ಹೊಡೆಯಲಿಲ್ಲ. ಆನೆಯನ್ನು ಪಕ್ಕಕ್ಕೆ ಸರಿಸಿ ರಾಜನಿಗೆ ಚೆಕ್ ಕೊಟ್ಟಳು. ನನ್ನ ಪಕ್ಕದಲ್ಲಿದ್ದ ತಾತ "ಅಯ್ಯೋ" ಎಂದದ್ದು ನನಗೊಬ್ಬಳಿಗೇ ಕೇಳಿಸಿತು. ಆ ರಾಜ ಸರಿದು ಪದಾತಿಯ ಬೆನ್ನಿಗೆ ನಿಂತ. ಪದಾತಿ ಮನೆಮನೆ ದಾಟಿ ತುದಿಯ ಹತ್ತಿರ ಬಂತು. ಅದು ರಾಣಿಯಾಗುವುದನ್ನು ತಡೆಯಲು ಅತ್ತೆ ಆನೆಯನ್ನೇ ತೆರಬೇಕಾಯಿತು. ಆಟ ಡ್ರಾ. ಜಾಗ ಬೇರೆಯವರ ಪಾಲಾಯಿತು.

ಮನೆಗೆ ನಡೆದು ಬರುವಾಗ ತಾತ ಹೇಳಿದ: "ಆ ಕೈ ನಿಂದಲ್ಲಮ್ಮ, ನಂದು. ನಾನs ಹಂಗ ಕಲಿಸೀನಿ."

"ಬಿಡಪ್ಪಾ. ಬಿಸಲು ಭಾಳ ಅದ, ಜಲ್ದಿ ನಡಿ," ಎಂದಳು ಅತ್ತೆ.

ಮುಂದಿನ ವರ್ಷದ ಹೊತ್ತಿಗೆ ಅವಳಿಗೆ ಯಶವಂತನಗರದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಬೆಳಗಿನ ಬಸ್ಸಿಗೆ ಹೋದವಳು ಸಂಜೆ ಕೆಂಪು ಧೂಳಿನ ಸೀರೆಯಲ್ಲಿ ಇಳಿಯುತ್ತಿದ್ದಳು. ಆಯ್ಕೆಯ ಪಂದ್ಯಗಳು ಪರೀಕ್ಷೆಯ ದಿನಗಳಲ್ಲೇ ಬಿದ್ದವು. ಆಮೇಲೂ ಒಂದಲ್ಲ ಒಂದು ತೊಡಕು. ರಜೆಯ ಮಧ್ಯಾಹ್ನಗಳಲ್ಲಿ ಮಾತ್ರ ಹಾಸು ಬಿಚ್ಚುತ್ತಿತ್ತು. ತಾತ ಚರಿತ್ರೆಯನ್ನೂ ಹೇಳುತ್ತಿದ್ದ, ಆದರೆ ಅತ್ತೆಗೆ ಜಾಗ ತಪ್ಪಿದ, ಹೆಂಗಸರ ಪಂದ್ಯದ ಆ ಒಂದು ವರ್ಷವನ್ನು ಹಾರಿಸಿಬಿಡುತ್ತಿದ್ದ. ಒಮ್ಮೆ ನಾನು ತಿದ್ದಲು ಹೋದೆ. ತಾತ ಹಾಸಿನಿಂದ ಕಣ್ಣೆತ್ತದೆ, "ಆ ವರ್ಷ ಆಟ ಆಗಲಿಲ್ಲ," ಎಂದ. ಜೀವಮಾನದಲ್ಲಿ ಅವನು ಹೇಳಿದ್ದು ನನಗೆ ಗೊತ್ತಿರುವ ಸುಳ್ಳು ಅದೊಂದೇ. ಅತ್ತೆ ತನ್ನ ಒಂಟೆ ನಡೆಸಿದಳು.

ತಾತ ಹೋಗಿ ಬಹಳ ಕಾಲವಾಯಿತು. ಮನೆಯಿದ್ದ ಜಾಗದಲ್ಲೀಗ ಹಂಪಿಗೆ ಬರುವವರಿಗೆಂದು ಕಟ್ಟಿದ ಲಾಡ್ಜು ನಿಂತಿದೆ. ಆ ರಸ್ತೆಯಲ್ಲಿ ಹೋಗುವಾಗ ನಾನು ಆಚೆ ಬದಿಗೆ ನೋಡುತ್ತೇನೆ. ಸರಸತ್ತೆ ಕೊನೆಯ ದಿನಗಳನ್ನು ಸಂಡೂರಿನ ಬಾಡಿಗೆ ಮನೆಯಲ್ಲಿ ಕಳೆದಳು. ಕಣ್ಣು ಮಂಜಾಗಿತ್ತು, ಆಟ ಸಾಧ್ಯವಿರಲಿಲ್ಲ. ಹೋದವರ್ಷ ನೋಡಲು ಹೋದಾಗ, "ಅಪ್ಪ ಹೇಳ್ತಿದ್ನಲ್ಲ ನ್ಯಾಷನಲ್ ಕಥಿ, ಅದನ್ನ ಹೇಳು," ಎಂದಳು. ತಾತ ಹೇಳುತ್ತಿದ್ದಂತೆಯೇ ಹೇಳುತ್ತ ಹೋದೆ.

"ಒಂದು ವರ್ಷ ಬಿಟ್ಟಿಯಲ್ಲ," ಎಂದಳು ಅತ್ತೆ.

"ತಾತ ಹಂಗs ಹೇಳ್ತಿದ್ದ, ಅತ್ತಿ."

"ಅಂವ ನನ್ನ ಸಲುವಾಗಿ ಬಿಟ್ಟ. ನೀ ಬಿಡಬ್ಯಾಡ. ಆ ವರ್ಷ ಆಟ ಆಗೇದ, ಗೆದ್ದಾಕಿ ಭಾಳ ಚಲೋ ಆಡ್ಯಾಳ. ಆಕಿ ಹೆಸರು ಹೇಳು."

ಹೇಳಿದೆ. ಅತ್ತೆ ಕಣ್ಣು ಮುಚ್ಚಿ ಕೇಳಿದಳು, ಇನ್ನೊಮ್ಮೆ ಹೇಳಿಸಿದಳು. ಆ ಮಳೆಗಾಲದಲ್ಲೇ ಹೊರಟುಹೋದಳು. ಆ ಚರಿತ್ರೆಯನ್ನು ಈಗ ಒಂದು ವರ್ಷವನ್ನೂ ಬಿಡದೆ ಹೇಳಬಲ್ಲೆ. ಹೇಳು ಎನ್ನುವವರು ನನಗೆ ಯಾರೂ ಉಳಿದಿಲ್ಲ.