ಹೆಸರು ಮುಚ್ಚಿದ ಐದು ಚಾರ್ಟು

ಇಂದಿಗೂ ಪಿಯರ್ ರಿವ್ಯೂ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಮೈ ಉರಿಯುತ್ತದೆ. ಸರೀಕರು ಸರೀಕರ ಕೆಲಸ ನೋಡಿ ತಿದ್ದುವುದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಅದನ್ನು ಬಳಸಿದ ರೀತಿಗೆ ಮಾತ್ರ ಬೆಂಕಿ ಹಾಕಬೇಕು.

ಅಮೆರಿಕದ ವಿಕ್ಸಮ್ ಊರಿನ ಆ ಕ್ಲಿನಿಕ್ಕಿನಲ್ಲಿ ನರ್ಸ್ ಪ್ರಾಕ್ಟೀಷನರುಗಳು ಇದ್ದದ್ದೇ ನಾವಿಬ್ಬರು. ನಾನು ಮೈಸೂರಿನವಳು, ಅವಳು ಧಾರವಾಡದವಳು. ರೋಗಿಗಳನ್ನು ನಾವೇ ಪರೀಕ್ಷಿಸಿ ನಾವೇ ಔಷಧಿ ಬರೆಯುತ್ತಿದ್ದೆವು. ಇಬ್ಬರ ಮನೆಯೂ ಟ್ರಾಯ್‌ನಲ್ಲಿ, ಹೋಗಿಬರುವುದು ಒಂದೇ ಕಾರಿನಲ್ಲಿ. ರಿಸೆಷನ್ನಿನ ಆ ವರ್ಷಗಳಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅವಳ ಗಂಡನ ಕೆಲಸವೂ ಹೋಗಿತ್ತು. ಮನೆ ನಡೆಯುತ್ತಿದ್ದುದು, ಮಗಳ ಆಸ್ತಮಾಕ್ಕೆ ಇನ್ಶೂರೆನ್ಸ್ ಸಿಗುತ್ತಿದ್ದುದು ಇವಳೊಬ್ಬಳ ಕೆಲಸದಿಂದ.

ಮೂರು ತಿಂಗಳಿಗೊಮ್ಮೆ ಅವಳು ನೋಡಿದ ರೋಗಿಗಳ ಐದು ಚಾರ್ಟು ನನಗೆ, ನನ್ನ ಐದು ಅವಳಿಗೆ ಬರುತ್ತಿದ್ದವು. ತಪಾಸಣೆ, ಔಷಧಿ, ಮುಂದೇನು ಎಂಬುದೆಲ್ಲ ನೋಡಿ, ‘ಸರಿ’ ಅಥವಾ ‘ಸುಧಾರಿಸಬೇಕು’ ಎಂದು ಗುರುತು ಹಾಕಿ, ಕೆಳಗೆ ಟಿಪ್ಪಣಿ ಬರೆಯುವುದು. ಆ ಟಿಪ್ಪಣಿ ಚಾರ್ಟು ಬರೆದವರಿಗೆ ಮಾತ್ರ ವಾಪಸ್ಸು ಹೋಗುತ್ತಿತ್ತು. ಚಾರ್ಟು ಬರೆದವರ ಹೆಸರು ಮುಚ್ಚಿರುತ್ತಿತ್ತು. ಯಾರದೆಂದು ಗೊತ್ತಾಗಬಾರದಂತೆ! ಇರುವವರು ಇಬ್ಬರು, ನನ್ನದಲ್ಲ ಅಂದರೆ ಇನ್ಯಾರದು? ಕರ್ಮ. ಅದರ ಬಗ್ಗೆ ನಾವಿಬ್ಬರೂ ಮಾತಾಡಬಾರದೆಂಬ ನಿಯಮ ಬೇರೆ. ಆದರೂ ಉದ್ದೇಶ ಒಳ್ಳೆಯದಿತ್ತು, ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಿಗೆ ಕಾಣಲಿ ಎಂದು. ಇದನ್ನು ಯಾರ ನೌಕರಿಯ ವಿಷಯಕ್ಕೂ ತರುವುದಿಲ್ಲ ಎಂದು ಮ್ಯಾನೇಜರ್ ಮೊದಲೇ ಮಾತು ಕೊಟ್ಟಿದ್ದ.

ಆ ಸಲ ಅವಳ ಒಂದು ಚಾರ್ಟಿನಲ್ಲಿ, ಸಕ್ಕರೆ ಕಾಯಿಲೆಯವನೊಬ್ಬನಿಗೆ ಹೊಸ ಇನ್ಸುಲಿನ್ ನಿಲ್ಲಿಸಿ ಹಳೆಯ, ಅಗ್ಗದ ಬಗೆಯದನ್ನು ಕೊಟ್ಟಿದ್ದಳು. ಯಾಕೆಂದು ಬರೆದಿರಲಿಲ್ಲ. ಲೇಆಫ್ ಆಗಿ ಅವನ ಇನ್ಶೂರೆನ್ಸ್ ಹೋಗಿದ್ದು ಕ್ಲಿನಿಕ್ಕಿಗೆಲ್ಲ ಗೊತ್ತಿತ್ತು. ಆದರೆ ನಾಳೆ ಅವನು ಪ್ರಜ್ಞೆ ತಪ್ಪಿ ಎಮರ್ಜೆನ್ಸಿಗೆ ಹೋದರೆ ಅಲ್ಲಿಯವರಿಗೂ ಗೊತ್ತಾಗಬೇಕಲ್ಲ? ‘ಚಿಕಿತ್ಸೆ ಸರಿಯಾಗಿದೆ, ಕಾರಣ ಬರೆಯಬೇಕಿತ್ತು’ ಎಂದು ಟಿಪ್ಪಣಿ ಬರೆದು ‘ಸುಧಾರಿಸಬೇಕು’ಗೆ ಗುರುತು ಹಾಕಿದೆ. ಇವತ್ತು ಕೊಟ್ಟರೂ ಹಾಗೆಯೇ ಬರೆಯುತ್ತೇನೆ.

ಕೆಲವು ವಾರ ಕಳೆದು, ಒಂದು ಶುಕ್ರವಾರ ಮ್ಯಾನೇಜರ್ ನನ್ನನ್ನು ಕರೆದ. ಇನ್ನು ಮುಂದೆ ಒಬ್ಬರಿಗೇ ಜಾಗ, ನೀನು ಇರುತ್ತೀ, ಅವಳಿಗೆ ಹೇಳಿಯಾಯಿತು ಎಂದ. ನಿನ್ನ ರಿವ್ಯೂ ಪೂರ್ತಿ ಸ್ವಚ್ಛ, ಅವಳದರಲ್ಲಿ ಒಂದು ಗುರುತು ಇದೆ ಎಂದೂ ಸೇರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಕಲಿಯುವುದಕ್ಕೆ ಎಂದು ಬರೆಸಿಕೊಂಡು ಅನ್ನ ಕಿತ್ತುಕೊಳ್ಳುತ್ತೀಯಾ, ನನ್ನ ಟಿಪ್ಪಣಿಯನ್ನಾದರೂ ಓದಿದೆಯಾ ಎಂದು ಕೂಗಾಡಿದೆ. ಟಿಪ್ಪಣಿ ಗೋಪ್ಯವಂತೆ, ಓದುವ ಅಧಿಕಾರ ತನಗಿಲ್ಲವಂತೆ, ಗುರುತನ್ನಷ್ಟೇ ನೋಡಿದನಂತೆ. ಎಂಥಾ ಧರ್ಮರಾಯ! ರಿವ್ಯೂ ಮತ್ತೆ ಮಾಡಿಸು ಎಂದೆ. ಅದೆಲ್ಲ ಮುಗಿಯಿತು ಎಂದು ಬಾಗಿಲು ತೆರೆದು ನಿಂತ.

ಸಂಜೆ ಕಾರಿನಲ್ಲಿ ಅವಳು ತನ್ನ ಸಾಮಾನಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನಾನು ಹಾಕಿದ ಗುರುತಿಗೇ ನಿನ್ನ ಕೆಲಸ ಹೋಯ್ತು ಕಣೆ,” ಎಂದೆ.

“ನೀ ಬರದದ್ದು ಖರೇನ ಅದ. ನಾ ಕಾರಣ ಬರೀಬೇಕಿತ್ತು,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ನಿನ್ನ ಚಾರ್ಟಿನಾಗೂ ಎರಡು ಕಡೆ ಕಾರಣ ಇದ್ದಿಲ್ಲ. ನಾ ನೋಡಿದ್ದೆ,” ಎಂದಳು.

“ಮತ್ಯಾಕೆ ಬರೀಲಿಲ್ಲ?”

“ಮಂದಿ ಕೆಲಸ ಹೆಂಗ ಹೊಂಟಾವ, ನೋಡ್ತಿಲ್ಲೇನ? ಬರೀಲಿಕ್ಕೆ ಮನಸಾಗ್ಲಿಲ್ಲ. ಎಲ್ಲಾದಕ್ಕೂ ಸರಿ ಅಂತ ಹಾಕಿ ಕೊಟ್ಟೆ.”

ಈಗ ನನ್ನ ಸಿಟ್ಟು ಅವಳ ಮೇಲೆ ತಿರುಗಿತು. ನನ್ನ ತಪ್ಪನ್ನು ನನಗೇ ಹೇಳದೆ ನುಂಗಿಕೊಂಡಿದ್ದಳು, ಅದಕ್ಕೇ ನನ್ನ ರಿವ್ಯೂ ಸ್ವಚ್ಛವಾಗಿತ್ತು, ಅದಕ್ಕೇ ಇವಳು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಿದ್ದಳು.

“ಬರೀಬೇಕಿತ್ತು ಕಣೆ! ನಿಂಗೆ ಬುದ್ಧಿ ಇಲ್ವಾ?”

“ಬರೆದಿದ್ದರ ನಿನ್ನ ತಗೀತಿದ್ರು.”

“ತೆಗೀಲಿ!” ಎಂದು ಕಿರುಚಿದೆ.

ಅವಳು ನನ್ನ ಮುಖ ನೋಡಿದಳು. ಹಾಗೆ ಕಿರುಚುವುದು ನನಗೆ ಸುಲಭವಿತ್ತು. ಸೋಮವಾರ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವವಳು ನಾನೇ ತಾನೆ.